ಹಾಲೇಶ ನಿಲ್ಲಿಸಿದ ಗಾಡಿ

ಹಿರೇಕೆರೂರಿನ ಹಾಲೇಶನಿಗೆ ನಲವತ್ತನಾಲ್ಕು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷವನ್ನು ಅವನು ದೊಡ್ಡ ಗಾಡಿಗಳ ಕೆಳಗೆ ಅಂಗಾತ ಮಲಗಿಯೇ ಕಳೆದಿದ್ದ ಎಂದರೆ ತಪ್ಪಾಗದು. ಅಪ್ಪ ಉಡಚಪ್ಪ ಪೇಟೆಯಲ್ಲಿ ಹತ್ತಿ ಅಂಡಿಗೆ ಹೊರುತ್ತಿದ್ದವನು. ಮಗನ ಬೆನ್ನಾದರೂ ನೆಟ್ಟಗಿರಲಿ ಎಂದು ಹಾವೇರಿಯ ಪಂಕ್ಚರ್ ಅಂಗಡಿಯೊಂದಕ್ಕೆ ಬಿಟ್ಟ. ಅಲ್ಲಿಂದ ಹಾಲೇಶ ಹುಬ್ಬಳ್ಳಿಗೆ ಹೋದ. ಟ್ರೈಲರ್ ಕಟ್ಟುವ ಯಾರ್ಡಿನಲ್ಲಿ ಗ್ರೀಸು ಹಚ್ಚುತ್ತ, ಬ್ರೇಕು ಬಿಚ್ಚುತ್ತ ಎಂಟು ವರ್ಷ ದುಡಿದು, ಕೊನೆಗೆ ಭಾರಿ ಸಾಮಾನು ಸಾಗಿಸುವ ಒಂದು ಕಂಪನಿಯಲ್ಲಿ ಫಿಟ್ಟರ್ ಆದ. ಗಾಳಿಯಿಂದ ಕರೆಂಟು ತೆಗೆಯುವ ಫ್ಯಾನುಗಳ ಕಂಬ, ಅವುಗಳ ರೆಕ್ಕೆ, ಮನೆಯಷ್ಟು ದೊಡ್ಡ ಟ್ರಾನ್ಸ್‌ಫಾರ್ಮರ್, ಇಂಥವನ್ನೆಲ್ಲ ಹೊತ್ತ ಟ್ರೈಲರಿನ ಜೊತೆ ಹೋಗುವುದು, ದಾರಿಯುದ್ದಕ್ಕೂ ಅದನ್ನು ನೋಡಿಕೊಳ್ಳುವುದು ಅವನ ಕೆಲಸ.

ನೋಡಿಕೊಳ್ಳುವುದೆಂದರೆ ಹಾಲೇಶನಿಗೆ ಬರೀ ಕಣ್ಣಿನ ಕೆಲಸವಲ್ಲ. ಗಾಡಿ ನಿಂತ ಕೂಡಲೇ ಎಡಗಡೆಯ ಹಿಂದಿನ ಗಾಲಿಯಿಂದ ಶುರು ಮಾಡುತ್ತಿದ್ದ. ಪ್ರತಿ ಟೈರಿಗೂ ಒಂದು ಸುತ್ತಿಗೆ ಪೆಟ್ಟು. ಗಾಳಿ ತುಂಬಿದ ಟೈರು ಸುತ್ತಿಗೆಯನ್ನು ತಿರುಗಿ ಎಸೆಯುತ್ತದೆ, ಗಾಳಿ ಇಳಿದದ್ದು ಪೆಟ್ಟನ್ನು ನುಂಗಿಕೊಳ್ಳುತ್ತದೆ. ಆಮೇಲೆ ಗಾಲಿಯ ನಡುವೆ ಅಂಗೈ ಇಟ್ಟು ಮೂರು ಎಣಿಸುತ್ತಿದ್ದ. ಮೂರರ ತನಕ ಕೈ ಇಡಲಾಗದಷ್ಟು ಬಿಸಿಯಿದ್ದರೆ ಒಳಗೆ ಬ್ರೇಕು ಹಿಡಿದುಕೊಂಡಿದೆ ಅಂತ. ಗಾಳಿಯ ಪೈಪಿಗೆ ಕಿವಿ ಹಚ್ಚುತ್ತಿದ್ದ. ನಟ್ಟುಗಳನ್ನು ಒಂದೊಂದಾಗಿ ಬೆರಳಲ್ಲಿ ಮುಟ್ಟುತ್ತಿದ್ದ. ನಡುವೆ ಯಾರಾದರೂ ಮಾತಾಡಿಸಿದರೆ ಮತ್ತೆ ಮೊದಲಿನಿಂದ. ‘ಹಾಲೇಶ ಪ್ರದಕ್ಷಿಣಿ ಹಾಕಾಕತ್ತಾನ, ಚಾ ಕುಡದ ಬರೂಣು ನಡಿ’ ಎಂದು ಡ್ರೈವರುಗಳು ನಗುತ್ತಿದ್ದರು. ಕೊನೆಗೆ ಕಂಪನಿಯ ಅಚ್ಚಿನ ಹಾಳೆ. ಮೂವತ್ತೆರಡು ಸಾಲು, ಒಂದೊಂದಕ್ಕೂ ಒಂದು ಗುರುತು, ಕೆಳಗೆ ‘ಗಾಡಿ ಓಡಿಸಲು ಯೋಗ್ಯ’ ಎಂಬ ಮಾತಿನ ಪಕ್ಕದಲ್ಲಿ ಹಾಲೇಶನ ಸಹಿ.

ಅಕ್ಟೋಬರ್ ತಿಂಗಳ ಒಂದು ಗುರುವಾರ ಬೆಳಿಗ್ಗೆ ಅವನ ಗಾಡಿ ಶಿಗ್ಗಾಂವಿ ದಾಟಿ ಹುಲಗೂರಿನ ಕಡೆ ಹೊರಟಿತ್ತು. ಮೇಲೆ ಫ್ಯಾನಿನ ಒಂದೇ ಒಂದು ರೆಕ್ಕೆ, ಇನ್ನೂರು ಅಡಿ ಉದ್ದ. ಅದರ ದಪ್ಪ ಬುಡ ಮುಂದೆ, ತೆಳ್ಳನೆಯ ತುದಿ ಕಡೆಯ ಗಾಲಿಯನ್ನೂ ದಾಟಿ ಹಿಂದಕ್ಕೆ ಮೂವತ್ತು ಅಡಿ ಗಾಳಿಯಲ್ಲಿ ಚಾಚಿಕೊಂಡಿತ್ತು. ಹುಲಗೂರಿನ ಆಚೆಯ ಗುಡ್ಡದ ಮೇಲೆ ಉಳಿದೆರಡು ರೆಕ್ಕೆ ಬಂದು ಬಿದ್ದು ವಾರವಾಗಿತ್ತು. ಇನ್ನು ಹದಿನಾಲ್ಕು ಕಿಲೋಮೀಟರ್ ಹೋದರೆ ಮುಗಿಯಿತು. ಊರು ಎರಡು ಮೈಲಿ ಇರುವಾಗ, ಎದುರಿನ ಬಸ್ಸಿಗೆ ದಾರಿ ಬಿಡಲು ಡ್ರೈವರ್ ಬೀರಪ್ಪ ಗಾಡಿಯನ್ನು ರಸ್ತೆಯ ಅಂಚಿಗೆ ತೆಗೆದು ನಿಲ್ಲಿಸಿದ. ನಿಂತಿತಲ್ಲ, ಹಾಲೇಶ ಎಂದಿನಂತೆ ಸುತ್ತು ಹೊರಟ.

ಇಪ್ಪತ್ತೆಂಟು ಸಾಲು ಮುಗಿದಿದ್ದವು. ಟ್ರೈಲರಿನ ಮುಂಭಾಗ ಬಾಗಿ ಮೇಲೇರಿ, ಎಳೆಯುವ ಇಂಜಿನ್ ಗಾಡಿಯ ಬೆನ್ನ ಮೇಲೆ ಕೂರುವ ಜಾಗ ಒಂದಿದೆ. ಅದಕ್ಕೆ ಅವರು ಕುತ್ತಿಗೆ ಎನ್ನುತ್ತಾರೆ, ಎಳೆಯುವ ಗಾಡಿಗೆ ಕುದುರೆ ಎನ್ನುತ್ತಾರೆ. ಆ ಕುತ್ತಿಗೆಯ ಕೆಳಗೆ, ಬೆಸುಗೆಯ ಪಕ್ಕದಲ್ಲಿ, ಹಳದಿ ಬಣ್ಣದ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಕಂಡಿತು. ತುಕ್ಕಿನ ನೀರು ಇಳಿದಂತೆ. ಹಾಲೇಶ ಡೀಸೆಲ್‌ನಲ್ಲಿ ಅದ್ದಿದ ಬಟ್ಟೆಯಿಂದ ಆ ಜಾಗವನ್ನು ನೆನೆಸಿದ, ಒಣ ಬಟ್ಟೆಯಿಂದ ಚೊಕ್ಕಟ ಒರೆಸಿದ, ಮೇಲೆ ಸೀಮೆಸುಣ್ಣದ ಪುಡಿ ತಿಕ್ಕಿದ. ಒಂದು ಬೀಡಿ ಸೇದುವಷ್ಟು ಹೊತ್ತು ಕಾದ. ಬಿಳಿ ಪುಡಿಯ ಮೇಲೆ ಒದ್ದೆಯಾದ ಕಪ್ಪು ಗೆರೆಯೊಂದು ತಾನಾಗಿಯೇ ಮೂಡಿತು. ಒಳಗಿಳಿದ ಡೀಸೆಲ್ ಬಿರುಕಿನಿಂದ ಹೊರಬಂದಿತ್ತು. ನಾಲ್ಕು ಬೆರಳಿನಷ್ಟು ಉದ್ದ.

“ಬೀರಪ್ಪಾ, ಗಾಡಿ ಬಂದ್ ಮಾಡು,” ಎಂದ.

“ಯಾಕಣ್ಣಾ?”

“ಕುತ್ತಿಗಿ ಬಿಟ್ಟೈತಿ.”

ಬೀರಪ್ಪ ಇಳಿದು ಬಂದು ನೋಡಿದ. ಅವನೂ ಹದಿನೈದು ವರ್ಷದ ಡ್ರೈವರು. ನೋಡಿದವನೇ ತಲೆಗೆ ಸುತ್ತಿದ ವಸ್ತ್ರ ಬಿಚ್ಚಿ ಮುಖ ಒರೆಸಿಕೊಂಡ.

ಹಾಲೇಶ ಹುಬ್ಬಳ್ಳಿಯ ಆಫೀಸಿಗೆ ಫೋನು ಹಚ್ಚಿದ. ಗಾಡಿಗಳನ್ನು ಕಳಿಸುವ ಮ್ಯಾನೇಜರ್ ಸುನೀಲ ಕೇಳಿಸಿಕೊಂಡು ಹೇಳಿದ: “ಹದಿನಾಲ್ಕು ಕಿಲೋಮೀಟರ್ ಉಳದೈತಲ್ಲೋ ಮಾರಾಯಾ. ಸಾವಕಾಶ ತಗೊಂಡ್ ಹೋಗ್ರಿ. ಅಲ್ಲಿ ಇಳಿಸಿದ ಮ್ಯಾಲ ನೋಡೂಣು.”

“ಆಗಂಗಿಲ್ರಿ ಸರ. ಮುಂದ ಎರಡು ಕಡೆ ರಸ್ತಾ ಕುಸದೈತಿ. ಜಗ್ಗಿದ್ರ ಹರೀತೈತಿ. ಹುಲಗೂರಾಗ ರಸ್ತಾಕ್ಕ ಹತ್ತಿಕೊಂಡ ಮನಿ ಅದಾವ್ರಿ. ಇವತ್ತ ಗುರುವಾರ ಬ್ಯಾರೆ, ದರ್ಗಾಕ್ಕ ಬಂದ ಮಂದಿ ರಸ್ತಾದಾಗ ತುಂಬಿರ್ತಾರ.”

ಸುನೀಲ ಕೊನೆಗೆ ಒಪ್ಪಿದ. “ಆತು. ನಿಲ್ಲಸ್ರಿ. ನಾಳೆ ಕ್ರೇನು, ವೆಲ್ಡರು ಇಬ್ಬರನೂ ಕಳಸ್ತೇನಿ.”

ಹಾಲೇಶನಿಗೆ ಅವತ್ತು ಒಂದು ಬಗೆಯ ಸಮಾಧಾನವಿತ್ತು. ಹೇಳಬೇಕಾದದ್ದನ್ನು ಹೇಳಿದೆ, ಕೇಳಬೇಕಾದವರು ಕೇಳಿದರು ಎನ್ನುವ ಸಮಾಧಾನ. ಹಾಳೆಯ ಮೇಲೆ ಇಪ್ಪತ್ತೊಂಬತ್ತನೆಯ ಸಾಲಿನಲ್ಲಿ ಅಡ್ಡ ಗೆರೆ ಎಳೆದು, ಸಹಿಯ ಜಾಗವನ್ನು ಖಾಲಿ ಬಿಟ್ಟು, ಫೋಟೋ ತೆಗೆದು ಕಳಿಸಿದ.

ನಾಳೆ ಯಾರೂ ಬರಲಿಲ್ಲ. ನಾಡಿದ್ದೂ ಬರಲಿಲ್ಲ. ಕ್ರೇನು ಗುಡ್ಡದ ಮೇಲೆ ಕೆಲಸದಲ್ಲಿದೆ ಎಂದರು. ಆಮೇಲೆ ಆ ಕ್ರೇನು ಗದಗಿನ ಕಡೆ ಹೋಯಿತು ಎಂದರು. ನಾಲ್ಕನೆಯ ದಿನ ಬೀರಪ್ಪನಿಗೆ ಫೋನು ಬಂತು: ಕುದುರೆ ಬಿಡಿಸಿಕೊಂಡು ಬಾ, ಬೇರೆ ಲೋಡಿದೆ. ಅದು ಸುಮ್ಮನೆ ನಿಂತರೆ ಕಂಪನಿಗೆ ನಷ್ಟ. ಟ್ರೈಲರಿನ ಎರಡು ಕಬ್ಬಿಣದ ಕಾಲುಗಳನ್ನು ಇಳಿಸಿ, ಅಡಿಗೆ ಮರದ ದಿಮ್ಮಿ ಕೊಟ್ಟು, ಇಬ್ಬರೂ ಸೇರಿ ಕುದುರೆ ಬಿಡಿಸಿದರು.

“ಸರ, ನಾನೂ ಬರ್ಲೇನ್ರಿ?” ಎಂದು ಹಾಲೇಶ ಫೋನಿನಲ್ಲಿ ಕೇಳಿದ.

“ನೀ ಎಲ್ಲಿಗೆ ಬರ್ತಿ? ಕೋಟ್ಯಂತರದ ಮಾಲು ಐತಿ ಅಲ್ಲಿ. ನಿಲ್ಲಿಸಿದಾಂವ ನೀನು. ನೀನ ಕಾಯಿ.”

ಬೀರಪ್ಪ ಹೋಗುವಾಗ ತನ್ನ ತಾಡಪತ್ರಿ, ಸ್ಟೋವು, ಎರಡು ಪಾತ್ರೆ ಬಿಟ್ಟು ಹೋದ. ಹಾಲೇಶ ಆ ತಾಡಪತ್ರಿಯನ್ನು ಟ್ರೈಲರಿನ ಪಕ್ಕಕ್ಕೆ ಇಳಿಬಿಟ್ಟು ಕಟ್ಟಿ, ಕೆಳಗೆ ಚಾಪೆ ಹಾಸಿದ.

ಅಲ್ಲಿಂದ ಶುರುವಾಯಿತು ನೋಡಿ, ಅವನ ಫಜೀತಿ.

ರೆಕ್ಕೆಯ ತುದಿ ಚಾಚಿಕೊಂಡಿದ್ದ ಜಾಗ ಒಂದು ಹೊಲದ ಬಾಯಿ. ಹೊಲ ಹೊನ್ನವ್ವ ಎಂಬ ಅರವತ್ತರ ಹತ್ತಿರದ ಹೆಂಗಸಿನದು. ನಾಲ್ಕು ಎಕರೆ ಗೋವಿನಜೋಳ, ತೆನೆ ಬಲಿತು ಗರಿ ಒಣಗಿ ಕಟಾವಿಗೆ ನಿಂತಿತ್ತು. ತುದಿಯ ಅಡಿಯಲ್ಲಿ ಮನುಷ್ಯರು ಹೋಗಬಹುದು, ದನ ಹೋಗಬಹುದು. ಕಟಾವಿನ ಮಷೀನು ಹೋಗಲಾರದು. ಬೇರೆ ಕಡೆಯಿಂದ ಹೋಗೋಣವೆಂದರೆ ಒಂದು ಕಡೆ ಕಾಲುವೆ, ಇನ್ನೊಂದು ಕಡೆ ಬೇರೆಯವರ ಹತ್ತಿ.

“ಯಾರಪ್ಪಾ ಇದನ್ನ ಇಲ್ಲಿ ನಿಲ್ಲಿಸಿದಾಂವ?” ಎಂದು ಹೊನ್ನವ್ವ ಸೊಂಟದ ಮೇಲೆ ಕೈಯಿಟ್ಟು ಕೇಳಿದಳು.

“ನಾನ ಯವ್ವಾ.”

“ಯಾಕ? ನನ್ನ ಹೊಲದ ಬಾಯೇ ಸಿಕ್ತೇನು ನಿನಗ?”

“ಬಿರುಕು ಬಿಟ್ಟೈತಿ ಯವ್ವಾ. ಮುಂದ ಹೋಗಿದ್ರ ಊರಾಗ ಬೀಳ್ತಿತ್ತು.”

“ಎಲ್ಲಿ, ತೋರಸು.”

ಹಾಲೇಶ ತೋರಿಸಿದ. ಅವಳು ಬಗ್ಗಿ, ಕಣ್ಣು ಕಿರಿದು ಮಾಡಿ ನೋಡಿದಳು. “ಏನೂ ಕಾಣವಲ್ದು. ಬಣ್ಣ ಹೋಗೇತಿ ಅಷ್ಟ. ಎಂದ ತಗೀತೀರಿ?”

“ನಾಳೆ ಬರ್ತಾರ್ರಿ.”

ಆ ‘ನಾಳೆ’ಯನ್ನು ಅವನು ದಿನಾ ಹೇಳಬೇಕಾಯಿತು. ಮೊದಮೊದಲು ನಂಬಿ ಹೇಳುತ್ತಿದ್ದ. ಆಮೇಲಾಮೇಲೆ ಅವಳು ಬರುವುದು ಕಂಡರೆ ಗಾಡಿಯ ಆ ಬದಿಗೆ ಹೋಗಿ ಗಾಲಿ ನೋಡುವವನಂತೆ ಕೂತುಬಿಡುತ್ತಿದ್ದ. ಅವಳು ಬಿಡುತ್ತಿರಲಿಲ್ಲ. ಕುಡಿಯುವ ನೀರು ಅವನು ಅವಳ ಬೋರಿನಿಂದಲೇ ತರಬೇಕು. ಕೊಡ ತುಂಬುವ ತನಕ ಬೈಯುವಳು, ತುಂಬಿದ ಮೇಲೆ ‘ಒಯ್ಯಿ’ ಎನ್ನುವಳು.

ದಿನಾ ಬೆಳಿಗ್ಗೆ ಎಂಟು ಗಂಟೆಗೆ ಹಾಲೇಶ ಸುತ್ತು ಹಾಕುವುದನ್ನು ಬಿಡಲಿಲ್ಲ. ನಿಂತ ಗಾಡಿಗೂ ಅದೇ ಮೂವತ್ತೆರಡು ಸಾಲು. ಟೈರಿಗೆ ಸುತ್ತಿಗೆ, ಪೈಪಿಗೆ ಕಿವಿ. ಓಡದ ಗಾಲಿ ಬಿಸಿಯಾಗುವುದಿಲ್ಲ, ಆದರೂ ಅಂಗೈ ಇಟ್ಟು ಮೂರು ಎಣಿಸುತ್ತಿದ್ದ. ಬಿಸಿಲಿಗೆ ಟೈರಿನ ಬದಿಗಳಲ್ಲಿ ಸಣ್ಣ ಸೀಳು ಬರತೊಡಗಿದವು. ಅವುಗಳ ಮೇಲೆ ಗೋಣಿಚೀಲ ಹೊದಿಸಿದ. ಬಿರುಕಿನ ಎರಡೂ ತುದಿಗೆ ಮೊಳೆಯಂಥ ಪಂಚಿನಿಂದ ಚುಕ್ಕೆ ಹೊಡೆದಿದ್ದ, ಅದು ಚುಕ್ಕೆ ದಾಟಿದರೆ ಗೊತ್ತಾಗಲಿ ಎಂದು. ಫೋಟೋ ತೆಗೆದು ಆಫೀಸಿಗೆ ಕಳಿಸುತ್ತಿದ್ದ. ಫೋಟೋದಲ್ಲಿ ಆ ಬಿರುಕು ಪೇಂಟಿನ ಮೇಲೆ ಬಿದ್ದ ಕೂದಲಿನಂತೆ ಕಾಣುತ್ತಿತ್ತು.

ಎರಡು ವಾರವಾದ ಮೇಲೆ ಸುನೀಲ ಕೇಳಿದ: “ಬೆಳದೈತೇನು ಅದು?”

“ಇಲ್ರಿ ಸರ, ಇದ್ದಷ್ಟ ಐತಿ.”

“ಮತ್ತ? ಎರಡು ವಾರದಾಗ ಬೆಳದಿಲ್ಲಂದ್ರ ಅದು ಹಳೇದು. ಏನೂ ಆಗಂಗಿಲ್ಲ.”

“ನಿಂತ ಗಾಡಿಯೊಳಗ ಬೆಳಿಯಂಗಿಲ್ರಿ. ಓಡಿದ್ರ ಬೆಳೀತೈತಿ.”

“ಹಂಗಂದ್ರ ದಿನಾ ಏನ್ ನೋಡಾಕತ್ತಿ ನೀ?”

ಫೋನು ಇಟ್ಟ ಮೇಲೂ ಹಾಲೇಶ ಬಹಳ ಹೊತ್ತು ಆ ಮಾತನ್ನೇ ಮೆಲುಕು ಹಾಕಿದ. ನಿಲ್ಲಿಸಿದ್ದರಿಂದ ಬಿರುಕು ಬೆಳೆದಿಲ್ಲ. ಬೆಳೆಯದ್ದರಿಂದ ನಿಲ್ಲಿಸಿದ್ದೇ ತಪ್ಪು ಎನ್ನುತ್ತಾರೆ. ಇದನ್ನು ಯಾರಿಗೆ ಬಿಡಿಸಿ ಹೇಳುವುದು? ಒಂದು ದಿನ ಮೋಟಾರ್ ಸೈಕಲ್ ಮೇಲೆ ಬಂದ ಹವಾಲ್ದಾರನಿಗೆ ಹೇಳಿ ನೋಡಿದ. ಅವನು ಗಾಡಿಯ ಕಾಗದ ಕೇಳಿದ. ಫಿಟ್‌ನೆಸ್ ಸರ್ಟಿಫಿಕೇಟು ಮಾರ್ಚ್ ತನಕ ಇತ್ತು. “ಕಾಗದ ಎಲ್ಲಾ ಬರೋಬರಿ ಅದಾವಲ್ಲೋ. ಮತ್ತೇನ್ ನಿಂದು ತಕರಾರು?” ಎಂದು ರೆಕ್ಕೆಯ ತುದಿಗೆ ಕೆಂಪು ಬಟ್ಟೆ ಕಟ್ಟಲು ಹೇಳಿ ಹೋದ.

ಇಪ್ಪತ್ತಮೂರನೆಯ ದಿನ ಹಾಲೇಶನ ಮಗಳು ಸಂಘಮಿತ್ರಾ ಬಂದಳು. ಹಾವೇರಿಯಲ್ಲಿ ನರ್ಸಿಂಗ್ ಓದುವ ಹುಡುಗಿ. ಅಜ್ಜ ಉಡಚಪ್ಪ ಕಡೆಗಾಲದಲ್ಲಿ ಬೌದ್ಧ ದೀಕ್ಷೆ ತೆಗೆದುಕೊಂಡಿದ್ದ, ಮೊಮ್ಮಗಳಿಗೆ ಆ ಹೆಸರಿಟ್ಟವನು ಅವನೇ. ತಾಯಿ ಮಲ್ಲಿಕಾ ಕಟ್ಟಿಕೊಟ್ಟ ರೊಟ್ಟಿ, ಶೇಂಗಾ ಚಟ್ನಿ, ಎರಡು ಜೊತೆ ಒಗೆದ ಬಟ್ಟೆ ಹಿಡಿದು, ಶಿಗ್ಗಾಂವಿಯಲ್ಲಿ ಬಸ್ಸು ಬದಲಿಸಿ, ಗಾಡಿಯ ಹತ್ತಿರ ಇಳಿದಳು. ಅಪ್ಪನ ಬೆಳೆದ ಗಡ್ಡವನ್ನು ಒಮ್ಮೆ ನೋಡಿ, ಗಂಟನ್ನು ಚಾಪೆಯ ಮೇಲಿಟ್ಟಳು.

“ಎಲ್ಲೈತಿ ಅದು, ತೋರಸು,” ಎಂದಳು.

ಬಗ್ಗಿ ನೋಡಿದಳು. “ಅಪ್ಪಾ, ನನಗ ಏನೂ ಕಾಣವಲ್ದು.”

“ತಡಿ.” ಹಾಲೇಶ ಡೀಸೆಲ್ ಬಟ್ಟೆ ತಂದ. ನೆನೆಸಿದ, ಒರೆಸಿದ, ಸುಣ್ಣದ ಪುಡಿ ತಿಕ್ಕಿದ. ಇಬ್ಬರೂ ಕುತ್ತಿಗೆಯ ಕೆಳಗೆ ಕುಕ್ಕರುಗಾಲಲ್ಲಿ ಕೂತು ಕಾದರು. ಗೆರೆ ಮೂಡಿತು.

“ಅಯ್ಯ!” ಎಂದಳು ಮಗಳು. ಮೆಲ್ಲಗೆ ಬೆರಳು ಮುಂದೆ ಮಾಡಿ, ಮುಟ್ಟದೆ ಹಿಂದೆ ತೆಗೆದುಕೊಂಡಳು. “ಇಷ್ಟ ಸರಳ ಕಾಣ್ತೈತಲ್ಲ. ಇದನ್ನ ಅವರಿಗೆ ತೋರಿಸಿಲ್ಲೇನು?”

“ವಿಡಿಯೋ ಮಾಡಿ ಕಳಿಸೇನಿ. ನೋಡ್ಯಾರೋ ಇಲ್ಲೋ.”

“ನಮ್ಮ ಕಡೆ ಡಾಕ್ಟರ್ ಒಬ್ರು ಬ್ಯಾಡ ಅಂದ್ರ ಮುಗೀತು, ಪೇಶಂಟ್ ಮಂಚ ಬಿಟ್ಟು ಇಳಿಯಂಗಿಲ್ಲ. ನಿನ್ನ ಮಾತ ಯಾಕ ಕೇಳಂಗಿಲ್ಲ ಅವರು?”

“ನಾ ಡಾಕ್ಟರ್ ಅಲ್ಲವ್ವಾ,” ಎಂದು ಹಾಲೇಶ ನಕ್ಕ. ನಗು ಅರ್ಧಕ್ಕೇ ನಿಂತಿತು.

ಬಿಟ್ಟು ಬಂದುಬಿಡು ಎಂದು ಅವಳು ಹೇಳಿದಳು. ಅವನೂ ಅದನ್ನು ಯೋಚಿಸದೆ ಇರಲಿಲ್ಲ. ಆದರೆ ತಾನು ಹೋದ ಮರುದಿನವೇ ಯಾರನ್ನೋ ಕಳಿಸಿ ಗಾಡಿ ಎಳೆಸುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ತಾನು ಅಲ್ಲಿ ಕೂತಿರುವುದೊಂದೇ ಅದಕ್ಕೆ ಅಡ್ಡಗಲ್ಲು. ಮೂರೂವರೆಯ ಬಸ್ಸಿಗೆ ಮಗಳನ್ನು ಹತ್ತಿಸಿದ.

ಅಷ್ಟರಲ್ಲಿ ಹೊನ್ನವ್ವ ಮಷೀನಿನ ಆಸೆ ಬಿಟ್ಟು ಆಳು ಹಚ್ಚಿದ್ದಳು. ಐದಾರು ಹೆಂಗಸರು ಕೈಯಿಂದಲೇ ತೆನೆ ಮುರಿದು ಹೊಲದ ನಡುವೆ ರಾಶಿ ಹಾಕಿದರು. ರಾಶಿಯನ್ನು ಮನೆಗೆ ಸಾಗಿಸಬೇಕೆಂದರೆ ಟ್ರ್ಯಾಕ್ಟರು ಒಳಗೆ ಬರಬೇಕು. ಟ್ರ್ಯಾಕ್ಟರ್ ಹುಲಗೂರಿನ ಆಸೀಮನದು. ಅವನು ರೆಕ್ಕೆಯ ತುದಿಯ ಕೆಳಗೆ ನಿಂತು ಅಳೆದು ನೋಡಿ, “ನನ್ನ ಇಂಜಿನ್ನಿನ ಚಿಮಣಿ ತಾಗ್ತೈತಿ ಹೊನ್ನವ್ವಾ. ರೆಕ್ಕಿಗೆ ಒಂದ್ ಗೀರು ಬಿದ್ರ ನಾ ಏನ್ ಮಾಡ್ಲಿ?” ಎಂದ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ರಸ್ತೆಗೆ ತರತೊಡಗಿದರು. ನಾಲ್ಕು ಎಕರೆಯ ತೆನೆ ಬುಟ್ಟಿಯಲ್ಲಿ ಎಷ್ಟೆಂದು ಸಾಗೀತು?

ಮೂವತ್ತೊಂದನೆಯ ದಿನ ಮಧ್ಯಾಹ್ನ, ಯಾರೂ ನೆನೆಸದ ಹೊತ್ತಿನಲ್ಲಿ, ಸವಣೂರಿನ ದಿಕ್ಕಿನಿಂದ ಕರೀ ಮೋಡ ಎದ್ದು ಬಂತು. ಸಣ್ಣ ಮಳೆಯಲ್ಲ, ಕೊಡ ಬೋರಲು ಹಾಕಿದಂತೆ ಸುರಿಯಿತು. ಕರೀ ಮಣ್ಣು ನೀರು ಕುಡಿದರೆ ಬೆಣ್ಣೆ. ಹಾಲೇಶ ನೋಡನೋಡುತ್ತಿದ್ದಂತೆ ಟ್ರೈಲರಿನ ಎಡಗಾಲು ದಿಮ್ಮಿಯ ಸಮೇತ ನಾಲ್ಕು ಬೆರಳು ಇಳಿಯಿತು. ಕುತ್ತಿಗೆ ವಾಲಿತು. ಹಿಂದೆ ರೆಕ್ಕೆಯ ತುದಿ ಒಂದು ಮಾರು ಆಚೆ ಸರಿದು ತೂಗಾಡಿತು.

ಅದೇ ಹೊತ್ತಿಗೆ ಹೊಲದ ನಡುವಿನಿಂದ ಹೊನ್ನವ್ವ ಕೂಗಿದಳು: “ತಾಡಪತ್ರಿ! ತಮ್ಮಾ, ನಿನ್ನ ತಾಡಪತ್ರಿ ಕೊಡೋ!”

ರಾಶಿಯ ಮೇಲೆ ಅವಳಿಗಿದ್ದದ್ದು ಎರಡು ಹರಕು ಚೀಲ. ಹಾಲೇಶ ತನ್ನ ತಾಡಪತ್ರಿಯನ್ನು ಕಿತ್ತು ಅವಳ ಕಡೆ ಎಸೆದ. ಅದು ರಾಶಿಯ ಕಾಲುಭಾಗಕ್ಕೂ ಸಾಲದು ಎಂದು ಎಸೆಯುವಾಗಲೇ ಗೊತ್ತಿತ್ತು. ಜೊತೆಗೆ ಹೋಗಿ ತೆನೆಯನ್ನು ಎತ್ತರದ ಜಾಗಕ್ಕೆ ಎಳೆದಿದ್ದರೆ ಇನ್ನಷ್ಟು ಉಳಿಯುತ್ತಿತ್ತು. ಆದರೆ ಕಾಲು ಇನ್ನೂ ಇಳಿಯುತ್ತಿತ್ತು. ಅವನು ರಸ್ತೆಗೆ ಓಡಿ, ಎದುರು ಬಂದ ಆಸೀಮನ ಟ್ರ್ಯಾಕ್ಟರಿಗೆ ಅಡ್ಡ ನಿಂತ. ಆಸೀಮ, ಅವನ ಜೊತೆಗಿದ್ದ ಮೂವರು, ಬುಟ್ಟಿ ಬಿಟ್ಟು ಬಂದ ಇಬ್ಬರು ಹೆಂಗಸರು, ಎಲ್ಲರೂ ಸೇರಿ ಕಲ್ಲು ಹೊತ್ತು ತಂದು ಕಾಲಿನ ಬುಡಕ್ಕೆ ತುಂಬಿದರು. ಹಾಲೇಶ ಕೆಸರಿನಲ್ಲಿ ಹೊಟ್ಟೆಯ ಮೇಲೆ ಮಲಗಿ ಜ್ಯಾಕು ತಿರುಗಿಸಿದ. ಒಂದೂವರೆ ತಾಸು. ಕುತ್ತಿಗೆ ಮತ್ತೆ ಮಟ್ಟಕ್ಕೆ ಬಂತು. ಮಳೆಯೂ ನಿಂತಿತು.

ಅವನು ಹೊಲಕ್ಕೆ ಹೋದಾಗ ಹೊನ್ನವ್ವ ರಾಶಿಯ ಪಕ್ಕದಲ್ಲಿ ನಿಂತಿದ್ದಳು. ತೆನೆಗಳ ನಡುವೆ ನೀರು ಇಳಿಯುವ ಸದ್ದು ಕೇಳುತ್ತಿತ್ತು.

“ನಿನ್ನ ಗಾಡಿ ಉಳೀತೋ ಇಲ್ಲೋ?” ಎಂದಳು.

“ಉಳೀತು ಯವ್ವಾ.”

“ಆತು ಬಿಡು.”

ಅವತ್ತು ಅವಳು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ನಾಲ್ಕು ದಿನದಲ್ಲಿ ಅರ್ಧ ರಾಶಿ ಬೂಸು ಹಿಡಿಯಿತು, ಕೆಲವು ಕಾಳು ಮೊಳಕೆಯೊಡೆದವು. ಹಾಲೇಶ ಅವಳ ಜೊತೆ ಕೂತು ಒಳ್ಳೆಯದು ಕೆಟ್ಟದ್ದು ಆರಿಸಿದ. ಊರಿನ ಮನೆಗಳು ಉಳಿದದ್ದು ಯಾರ ಕಣ್ಣಿಗೂ ಕಾಣುವುದಲ್ಲ. ಈ ಕೊಳೆತ ತೆನೆ ಮಾತ್ರ ಕೈಯಲ್ಲಿತ್ತು.

ನಲವತ್ತನೆಯ ದಿನ ಬೆಳಿಗ್ಗೆ ಕಾರೊಂದು ಬಂದು ನಿಂತಿತು. ಸುನೀಲ ಇಳಿದ. ಹಿಂದೆಯೇ ಬೀರಪ್ಪ ಕುದುರೆ ತಂದಿದ್ದ. ಅದರಲ್ಲಿ ವೆಲ್ಡಿಂಗ್ ಮಷೀನು, ಜನರೇಟರು, ಜೊತೆಗೆ ಶಿಗ್ಗಾಂವಿಯ ವೆಲ್ಡರ್ ಶಾಹಬಾಜ. ಗೇಟು, ಕಿಟಕಿ, ಟ್ರ್ಯಾಕ್ಟರಿನ ಡಬ್ಬಿ ಮಾಡುವ ಒಳ್ಳೆಯ ಕೆಲಸಗಾರ.

“ಕ್ರೇನು ಎಲ್ಲೈತ್ರಿ ಸರ?” ಹಾಲೇಶ ಕೇಳಿದ.

“ಕ್ರೇನು ಯಾಕ? ಪಟ್ಟಿ ಬಡಿಯಾಕ ಕ್ರೇನು ಬೇಕೇನು?”

“ರೆಕ್ಕಿ ಇಳಿಸಿ, ಭಾರ ತಗದು, ಬಿರುಕು ಪೂರಾ ಕೆತ್ತಿ ಬೆಸೀಬೇಕ್ರಿ. ಹೊರಿ ಇಟ್ಟಕೊಂಡು ಮ್ಯಾಲೆ ಪಟ್ಟಿ ಹಚ್ಚಿದ್ರ ಒಳಗ ಹಂಗ ಉಳೀತೈತಿ.”

ಸುನೀಲ ಕೆಟ್ಟ ಮನುಷ್ಯನಾಗಿರಲಿಲ್ಲ. ಅವನ ಕಣ್ಣ ಕೆಳಗೂ ನಿದ್ದೆಗೆಟ್ಟ ಕಪ್ಪಿತ್ತು. “ಹಾಲೇಶ, ಕೇಳಿಲ್ಲಿ,” ಎಂದು ಹೆಗಲ ಮೇಲೆ ಕೈಯಿಟ್ಟ. “ನಲವತ್ತು ದಿನ ನಿನ್ನ ಮಾತು ಕೇಳೇನಿ. ಇನ್ನ ಒಂದ ದಿನ ತಡಾ ಆದ್ರ ನನ್ನನ್ನ ತಗದು ಬಿಸಾಡ್ತಾರ. ನನ್ನ ಮ್ಯಾಲಿನವರು ನನ್ನ ಮಾತ ಕೇಳಂಗಿಲ್ಲ.”

ಶಾಹಬಾಜ ಕುತ್ತಿಗೆಯ ಕೆಳಗೆ ತೂರಿ ನೋಡಿ ಬಂದ. ಹಾಲೇಶನನ್ನು ಪಕ್ಕಕ್ಕೆ ಕರೆದ. “ಹಾಲೇಶ ಭಾಯ್, ಖರೇ ಹೇಳ್ತೇನಿ, ಇದು ನನ್ನ ಕೆಲಸ ಅಲ್ರಿ. ನಾ ಗೇಟು ಮಾಡಾಂವ. ಆದ್ರ ನಾ ಒಲ್ಲೆ ಅಂದ್ರ ಇನ್ನೊಬ್ಬನ್ನ ಕರಕೊಂಡ ಬರ್ತಾರ. ಅಂವಾ ನನಗಿಂತ ಕಚ್ಚಾ ಇರ್ತಾನ. ನಾ ನನಗ ತಿಳದಷ್ಟು ಚಲೋ ಮಾಡ್ತೇನಿ.”

ಬಿರುಕಿನ ಎರಡೂ ತುದಿಗೆ ಒಂದೊಂದು ತೂತಾದರೂ ಕೊರೆಯಲು ಹಾಲೇಶ ಅವನನ್ನು ಒಪ್ಪಿಸಿದ. ತೂತು ಇದ್ದರೆ ಬಿರುಕು ಮುಂದೆ ಓಡುವುದು ನಿಧಾನ. ಕೊರೆಯುವಾಗ ತಾನೇ ಡ್ರಿಲ್ ಹಿಡಿದ. ಆಮೇಲೆ ಶಾಹಬಾಜ ಅಂಗೈಯಗಲದ ಕಬ್ಬಿಣದ ಪಟ್ಟಿ ಇಟ್ಟು ಸುತ್ತ ಬೆಸೆದ. ತಣ್ಣಗಾದ ಮೇಲೆ ಸುನೀಲ ತಂದಿದ್ದ ಡಬ್ಬಿಯಿಂದ ಹಳದಿ ಬಣ್ಣ ಬಳಿದರು. ಜಾಗ ಹೊಸದರಂತೆ ಹೊಳೆಯಿತು.

ಸುನೀಲ ಹಾಳೆ ಮುಂದೆ ಹಿಡಿದ. “ಸಹಿ ಮಾಡು.”

“ನಾ ಮಾಡಂಗಿಲ್ರಿ ಸರ.”

ಹೀಗೆ ಹೇಳಿದಾಗ ಏನಾದರೂ ಆದೀತು, ಕೂಗಾಡಬಹುದು, ಕೆಲಸ ಬಿಡಿಸಬಹುದು, ಏನಿಲ್ಲವೆಂದರೂ ಗಾಡಿ ನಿಂತೀತು ಎಂದು ಹಾಲೇಶ ಎಷ್ಟೋ ದಿನದಿಂದ ಎಣಿಸಿಕೊಂಡಿದ್ದ. ಸುನೀಲ ಸುಮ್ಮನೆ ಹಾಳೆಯನ್ನು ಬೀರಪ್ಪನ ಕಡೆ ತಿರುಗಿಸಿದ. “ಡ್ರೈವರ್ ಸಹಿನೂ ನಡೀತೈತಿ.”

ಬೀರಪ್ಪ ಪೆನ್ನು ತೆಗೆದುಕೊಳ್ಳದೆ ಹಾಲೇಶನನ್ನು ನೋಡಿದ. “ಅಣ್ಣಾ, ಓಡಸಾಂವ ನಾನು. ನೀ ಒಂದ್ ಸಹಿ ಮಾಡಿದ್ರ ನನಗ ಧೈರ್ಯ ಇರ್ತೈತಿ. ಅಷ್ಟರ ಮಾಡು.”

“ಬೀರಪ್ಪಾ, ನನ್ನ ಸಹಿ ಕಬ್ಬಿಣ ಹಿಡಕೊಳ್ಳಂಗಿಲ್ಲೋ. ನೀನೂ ಒಲ್ಲೆ ಅನ್ನು.”

“ಒಲ್ಲೆ ಅಂದು ಮನಿಗೆ ಹೋಗಿ ಏನ್ ಮಾಡ್ಲಿ?” ಎಂದ ಬೀರಪ್ಪ. ಸಹಿ ಮಾಡಿ, ಯಾರ ಮುಖವನ್ನೂ ನೋಡದೆ ಹತ್ತಿ ಕೂತ.

ಕುದುರೆ ಜೋಡಿಸಿದರು. ಕಾಲು ಎತ್ತಿದರು. ಹಾಲೇಶ ಕಾರಿನಲ್ಲಿ ಕೂರಲಿಲ್ಲ. ಕುತ್ತಿಗೆಯ ಪಕ್ಕದಲ್ಲಿ, ಕಣ್ಣು ಆ ಹಳದಿ ಪಟ್ಟಿಯ ಮೇಲಿಟ್ಟು, ನಡೆದ. ಗಾಡಿ ಹೋಗುತ್ತಿದ್ದದ್ದೂ ನಡಿಗೆಯ ವೇಗದಲ್ಲೇ. ಹುಲಗೂರಿನ ಓಣಿಯಲ್ಲಿ ಮಂದಿ ರೆಕ್ಕೆ ನೋಡಲು ಕಟ್ಟೆಯ ಮೇಲೆ ನೆರೆದಿದ್ದರು, ಮೊಬೈಲು ಎತ್ತಿ ಹಿಡಿದಿದ್ದರು. “ಹಿಂದ ಸರೀರಿ! ಒಳಗ ಹೋಗ್ರಿ! ಮಕ್ಕಳನ್ನ ಎತ್ತಿಕೊಳ್ರಿ!” ಎಂದು ಹಾಲೇಶ ಕೂಗಿದ. ದನಿ ಒಡೆಯಿತು. ಒಬ್ಬ ಮುದುಕ ನಕ್ಕು, “ಹುಚ್ಚ ಇದ್ದಾಂಗ ಅದಾನ,” ಎಂದ. ರಸ್ತೆ ಕುಸಿದ ಜಾಗ ಬಂತು. ಗಾಡಿ ಒಮ್ಮೆ ಕುಲುಕಿತು, ಕುತ್ತಿಗೆ ಕಿರ್ ಎಂದಿತು. ಹಾಲೇಶ ಬಗ್ಗಿ ಪಟ್ಟಿಯ ಅಂಚು ನೋಡಿದ. ಏನೂ ಆಗಲಿಲ್ಲ. ಎರಡನೆಯ ಕುಸಿತದಲ್ಲೂ ಏನೂ ಆಗಲಿಲ್ಲ. ಸಂಜೆಯೊಳಗೆ ಗಾಡಿ ಗುಡ್ಡ ಹತ್ತಿತು, ಗದಗಿನಿಂದ ಮರಳಿ ಬಂದು ಅಲ್ಲಿ ನಿಂತಿದ್ದ ಕ್ರೇನು ರೆಕ್ಕೆಯನ್ನು ಹೂವಿನಂತೆ ಎತ್ತಿಕೊಂಡಿತು.

ಸುನೀಲ ಬಂದು ಹಾಲೇಶನ ಬೆನ್ನು ತಟ್ಟಿದ. ಆ ತಟ್ಟುವಿಕೆಯಲ್ಲಿ ವ್ಯಂಗ್ಯವಿರಲಿಲ್ಲ, ಅದೇ ಹೆಚ್ಚು ನೋಯಿಸಿತು.

ಖಾಲಿ ಗಾಡಿಯ ಕೆಳಗೆ ಹಾಲೇಶ ಡೀಸೆಲ್ ಬಟ್ಟೆ ಹಿಡಿದು ತೂರಿದ. ಆದರೆ ನೆನೆಸುವುದು ಏನನ್ನು? ಬಿರುಕು ಪಟ್ಟಿಯ ಒಳಗೆ ಮುಚ್ಚಿಹೋಗಿತ್ತು. ಅದು ಅಷ್ಟೇ ಇದೆಯೋ, ತೂತು ದಾಟಿ ಓಡಿದೆಯೋ, ಇನ್ನು ಯಾವ ಫಿಟ್ಟರ್ ಯಾವ ಊರಿನಲ್ಲಿ ಎಷ್ಟು ಪ್ರದಕ್ಷಿಣೆ ಹಾಕಿದರೂ ಕಾಣುವಂತಿರಲಿಲ್ಲ.

ವಾರದ ನಂತರ ಅವನನ್ನು ಹುಬ್ಬಳ್ಳಿಯ ಯಾರ್ಡಿಗೆ ಕರೆಸಿಕೊಂಡರು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಪಗಾರವೂ ಅಷ್ಟೇ. ಗೋದಾಮಿನಲ್ಲಿ ಟೈರು ಉರುಳಿಸಿ ಜೋಡಿಸುವ ಕೆಲಸ. ಗಾಡಿ ನೋಡುವ ಕೆಲಸವಿಲ್ಲ, ಹಾಳೆಯಿಲ್ಲ, ಸಹಿಯಿಲ್ಲ. ಅವನು ನಿಲ್ಲಿಸಿದ ಗಾಡಿ ಮಾತ್ರ ಹೊಸ ಲೋಡು ಹೊತ್ತು ಚಿತ್ರದುರ್ಗದ ಕಡೆ ಓಡುತ್ತಿತ್ತು. ಹಾಲೇಶ ಬೀರಪ್ಪನಿಗೆ ಎರಡು ದಿನಕ್ಕೊಮ್ಮೆ ಫೋನು ಮಾಡುತ್ತಿದ್ದ. “ಕುತ್ತಿಗಿ ಹೆಂಗೈತಿ?” “ಚಲೋ ಐತಣ್ಣಾ.” ಹೀಗೆ ಏಳೆಂಟು ಸಲವಾದ ಮೇಲೆ ಬೀರಪ್ಪ ಹೇಳಿದ: “ಅಣ್ಣಾ, ಸಿಟ್ಟಾಗಬ್ಯಾಡ. ನೀ ಹಿಂಗ ಕೇಳಿದಾಗೆಲ್ಲಾ ಎರಡು ದಿನ ರಸ್ತಾ ಬಿಟ್ಟು ಕನ್ನಡ್ಯಾಗ ಹಿಂದನ ನೋಡ್ಕೋತ ಓಡಸ್ತೇನಿ. ಇನ್ನ ಕೇಳಬ್ಯಾಡ.”

ಕೇಳುವುದನ್ನೂ ಬಿಟ್ಟ. ಹುಲಗೂರಿನ ಕಡೆ ಹೋಗಿ ಹೊನ್ನವ್ವನನ್ನು ಮಾತಾಡಿಸಿ ಬರಬೇಕೆಂದು ಒಂದೆರಡು ಸಲ ಶಿಗ್ಗಾಂವಿಯ ಬಸ್‌ಸ್ಟ್ಯಾಂಡಿನ ತನಕ ಬಂದಿದ್ದ. ಏನು ಹೇಳುವುದು ಎಂದು ತಿಳಿಯದೆ ಹಾವೇರಿಯ ಬಸ್ಸು ಹತ್ತಿದ್ದ.

ಫೆಬ್ರವರಿಯ ಒಂದು ಭಾನುವಾರ ಹಿರೇಕೆರೂರಿನ ಮನೆಯಲ್ಲಿ ಊಟ ಮಾಡುವಾಗ ಸಂಘಮಿತ್ರಾ ಕೇಳಿದಳು: “ಅಪ್ಪಾ, ಆ ಗಾಡಿ ಏನಾತು?”

“ಓಡಾಕತ್ತೈತಿ.”

“ಇನ್ನೂ?”

“ಇನ್ನೂ.”

ಅವಳು ತಟ್ಟೆಯಲ್ಲಿ ಬೆರಳಾಡಿಸಿದಳು. “ಹಂಗಂದ್ರ... ನೀ ಹೇಳಿದ್ದು ತಪ್ಪ ಏನು?”

ಮಲ್ಲಿಕಾ ಮಗಳನ್ನು ಗದರುವಂತೆ ನೋಡಿದಳು. ಹಾಲೇಶ ಬೇಸರ ಮಾಡಿಕೊಳ್ಳಲಿಲ್ಲ. ಆ ಪ್ರಶ್ನೆಯನ್ನು ಅವನು ಗೋದಾಮಿನಲ್ಲಿ ಟೈರು ಉರುಳಿಸುತ್ತ ದಿನಾ ಕೇಳಿಕೊಂಡಿದ್ದ. ಯಾರ್ಡಿನಲ್ಲಿ ಯಾರದೋ ಫೋನು ಜೋರಾಗಿ ರಿಂಗಾದರೆ, ಯಾರಾದರೂ ಅವಸರದಿಂದ ಓಡಿದರೆ, ‘ಆ ಗಾಡಿಯ ಸುದ್ದಿಯೇನಾ?’ ಎಂದು ಎದ್ದು ನಿಲ್ಲುತ್ತಿದ್ದ. ಅಲ್ಲ ಎಂದು ತಿಳಿದಾಗ ಎದೆಯೊಳಗೆ ಏನೋ ಕುಸಿಯುತ್ತಿತ್ತು. ಅದು ನೆಮ್ಮದಿಯೋ, ಆಸೆ ಮುರಿದದ್ದೋ ಎಂದು ಒಂದು ದಿನ ತನ್ನನ್ನೇ ಕೇಳಿಕೊಂಡು, ಉತ್ತರಕ್ಕೆ ಹೆದರಿ, ಕೈಯಲ್ಲಿದ್ದ ಟೈರನ್ನು ಅಲ್ಲೇ ಬಿಟ್ಟು ಹೊರಗೆ ಹೋಗಿ ನಿಂತಿದ್ದ.

“ತಪ್ಪಾಗಿದ್ರ ಚಲೋನ ಆತವ್ವಾ,” ಎಂದ. “ನಾ ಹೇಳಿದ್ದು ಖರೆ ಆಗಬೇಕಂದ್ರ ಯಾರರ ಸಾಯಬೇಕು. ಬೀರಪ್ಪರ ಸಾಯಬೇಕು, ದಾರ್ಯಾಗಿನ ಮಂದಿಯರ ಸಾಯಬೇಕು. ಬ್ಯಾಡ. ತಪ್ಪ ಅಂತನ ಇರ್ಲಿ.”

“ನಾ ನೋಡೇನಲ್ಲಪ್ಪಾ,” ಎಂದಳು ಮಗಳು. “ಗೆರಿ ಮೂಡಿದ್ದು ನಾನೂ ನೋಡೇನಿ.”

ಹಾಲೇಶ ತಲೆಯಾಡಿಸಿದ. ಮಲ್ಲಿಕಾ ಇನ್ನೊಂದು ರೊಟ್ಟಿ ಹಾಕಿದಳು, ಬೇಡವೆನ್ನದೆ ತಿಂದ. ಮರುದಿನ ಬೆಳಿಗ್ಗೆ ಆರೂವರೆಯ ಹಾವೇರಿ ಬಸ್ಸಿಗೆ ಹೋಗಬೇಕಿತ್ತು. ಯಾರ್ಡಿಗೆ ಇನ್ನೂರು ಹೊಸ ಟೈರು ಬಂದು ಬಿದ್ದಿದ್ದವು.